ಊರಿನ ಹಿರಿಯರಿಗೆ ಉಚಿತ ಫೋಟೋ ಶಿಬಿರ: 200 ಮೆಗಾಪಿಕ್ಸೆಲ್ ಮೊಬೈಲ್ ಸಾಕೇ, ದೊಡ್ಡ ಕ್ಯಾಮೆರಾ ಬೇಕೇ?

“200 ಮೆಗಾಪಿಕ್ಸೆಲ್ ಮೊಬೈಲ್ ಬಂದ ಮೇಲೆ ಡಿಎಸ್‌ಎಲ್‌ಆರ್ ಕ್ಯಾಮೆರಾ ಗುಜರಿಗೆ!” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಅದರ ಬೆನ್ನಿಗೇ “ಮೊಬೈಲಿನಲ್ಲಿ ತೆಗೆದದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಆಗುವುದೇ ಇಲ್ಲ” ಎಂದು ಹೇಳುವವರೂ ಸಿಗುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ವೃದ್ಧಾಶ್ರಮದಲ್ಲೋ ಹಳ್ಳಿಯ ಶಾಲೆಯಲ್ಲೋ ಒಂದು ದಿನ ಕುಳಿತು ಹಿರಿಯರಿಗೆ ಉಚಿತವಾಗಿ ಒಳ್ಳೆಯ ಭಾವಚಿತ್ರ ತೆಗೆದುಕೊಡಬೇಕು ಎಂದುಕೊಂಡಿರುವವರು ಇಂಥ ಮಾತು ನಂಬಿ ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ, ಇಲ್ಲವೇ “ನಮ್ಮ ಹತ್ತಿರ ಅಂಥ ಕ್ಯಾಮೆರಾ ಇಲ್ಲ” ಎಂದು ಕೈಬಿಡುತ್ತಾರೆ.

ಇಂಥ ಶಿಬಿರಗಳು ಹೊಸತಲ್ಲ. ಅಮೆರಿಕದ ನ್ಯಾಶ್‌ವಿಲ್‌ನ ಛಾಯಾಗ್ರಾಹಕ ಜೆರೆಮಿ ಕೌವಾರ್ಟ್ ಆರಂಭಿಸಿದ ‘ಹೆಲ್ಪ್ ಪೋರ್ಟ್ರೇಟ್’ 2009ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ನಡೆಯಿತು. ಫೋಟೋ ತೆಗೆಸಿಕೊಳ್ಳಲು ದುಡ್ಡಿಲ್ಲದವರನ್ನು ಕರೆದು, ಚಿತ್ರ ತೆಗೆದು, ಪ್ರಿಂಟ್ ಹಾಕಿ ಅವರ ಕೈಗೇ ಕೊಡುವುದು ಅದರ ಕೆಲಸ. ನಮ್ಮ ಕಡೆ ಇದರ ಅಗತ್ಯ ಏನೆಂದು ತಿಳಿಯಲು ಸಾವಾದ ಮನೆಯೊಂದಕ್ಕೆ ಹೋಗಿ ಬಂದರೆ ಸಾಕು. ಅಜ್ಜಿಯ ಫೋಟೋ ಹುಡುಕುತ್ತಾರೆ, ಸಿಗುವುದಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಬೆರಳುಗುರುತಿನಷ್ಟು ಚಿತ್ರವನ್ನೋ, ಯಾರದೋ ಮದುವೆಯ ಗುಂಪು ಫೋಟೋದ ಮೂಲೆಯಲ್ಲಿದ್ದ ಮುಖವನ್ನೋ ಹಿಗ್ಗಿಸಿ ಚೌಕಟ್ಟು ಹಾಕಿಸುತ್ತಾರೆ. “ಎಐ ಆ್ಯಪ್‌ನಲ್ಲಿ ಹಾಕಿದರೆ ಸ್ಪಷ್ಟವಾಗುತ್ತದೆ” ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಚಿತ್ರದಲ್ಲಿ ಇಲ್ಲದ ವಿವರವನ್ನು ಆ್ಯಪ್ ಊಹಿಸಿ ತುಂಬುತ್ತದೆ. ಗೆರೆಗಳು ಸ್ಪಷ್ಟವಾಗಿರುತ್ತವೆ, ಆದರೆ ಮುಖ ಅಜ್ಜಿಯದೇ ಆಗಿರಬೇಕೆಂದಿಲ್ಲ.

ಮೆಗಾಪಿಕ್ಸೆಲ್ ಲೆಕ್ಕ

ಒಳ್ಳೆಯ ಪ್ರಿಂಟಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಧಾರಾಳ. ಗೋಡೆಗೆ ಹಾಕುವ 8×12 ಇಂಚಿನ ಫೋಟೋಗೆ 2400×3600 ಪಿಕ್ಸೆಲ್, ಅಂದರೆ ಸುಮಾರು 8.6 ಮೆಗಾಪಿಕ್ಸೆಲ್. 4×6 ಇಂಚಿಗೆ 2.2 ಸಾಕು. ಹಾಗಾಗಿ ಹತ್ತು ವರ್ಷ ಹಳೆಯ ಕ್ಯಾಮೆರಾ ಕೂಡ ಈ ಪರೀಕ್ಷೆಯಲ್ಲಿ ಪಾಸು. 200 ಮೆಗಾಪಿಕ್ಸೆಲ್ ಮೊಬೈಲುಗಳೂ ಮಾಮೂಲಿಯಾಗಿ ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತವೆ. ಪಿಕ್ಸೆಲ್ ತೀರಾ ಚಿಕ್ಕದಾದರೆ ಅದಕ್ಕೆ ಸಿಗುವ ಬೆಳಕೂ ಕಡಿಮೆ, ಅದಕ್ಕೇ ಈ ಏರ್ಪಾಡು.

ನಿಜವಾದ ವ್ಯತ್ಯಾಸ ಇರುವುದು ಬೆಳಕು ಹಿಡಿಯುವ ಸೆನ್ಸರ್‌ನ ಅಳತೆಯಲ್ಲಿ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಸೆನ್ಸರ್ ಸುಮಾರು 23×15 ಮಿಲಿಮೀಟರ್. ದುಬಾರಿ ಮೊಬೈಲಿನ ದೊಡ್ಡ ಸೆನ್ಸರ್ ಕೂಡ ವಿಸ್ತೀರ್ಣದಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದು. ಮಬ್ಬು ಕೋಣೆಯಲ್ಲಿ ಇದು ಎದ್ದು ಕಾಣುತ್ತದೆ. ಬೆಳಗಿನ ಹತ್ತು ಗಂಟೆಗೆ ಶಾಲೆಯ ಜಗಲಿಯಲ್ಲಿ ಕೂರಿಸಿದರೆ ಅಷ್ಟಾಗಿ ಕಾಣುವುದಿಲ್ಲ.

ಮೂಗು ದಪ್ಪವಾಗುವುದೇಕೆ?

ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ “ಇದು ನಾನಲ್ಲ” ಎನ್ನುವವರು ಬಹಳ. ಲೆನ್ಸನ್ನು ಬೈಯುತ್ತಾರೆ, ಆದರೆ ತಪ್ಪು ದೂರದ್ದು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಎಂದುಕೊಳ್ಳಿ. 30 ಸೆಂಟಿಮೀಟರ್ ದೂರದಿಂದ ತೆಗೆದರೆ ಮೂಗು 30ರಲ್ಲಿ, ಕಿವಿ 42ರಲ್ಲಿ. ಮೂಗಿಗೆ ಹೋಲಿಸಿದರೆ ಕಿವಿ ತನ್ನ ಅಳತೆಯ ಶೇ. 71ರಷ್ಟೇ ಕಾಣುತ್ತದೆ. ಎರಡು ಮೀಟರ್ ಹಿಂದೆ ಸರಿದರೆ 200 ಮತ್ತು 212, ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಲೆಕ್ಕ ಹಾಕಿದ್ದರು: ಐದು ಅಡಿಯಿಂದ ಕಾಣುವುದಕ್ಕಿಂತ 12 ಇಂಚಿನಿಂದ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಸೆಲ್ಫಿ ನೋಡಿ ಮೂಗಿನ ಶಸ್ತ್ರಚಿಕಿತ್ಸೆ ಕೇಳಿಕೊಂಡು ಬರುವವರಿಗೆ ತಿಳಿಹೇಳಲು ಮಾಡಿದ ಲೆಕ್ಕ ಅದು.

ಆದ್ದರಿಂದ ಕ್ಯಾಮೆರಾ ಯಾವುದೇ ಇರಲಿ, ಐದಾರು ಅಡಿ ದೂರದಲ್ಲಿ ನಿಂತಾಗ ಮುಖ, ಭುಜ ಚೌಕಟ್ಟು ತುಂಬುವಂಥ ಲೆನ್ಸ್ ಬೇಕು. ಮೊಬೈಲಿನಲ್ಲಾದರೆ 2ಎಕ್ಸ್ ಅಥವಾ 3ಎಕ್ಸ್. ಎಪಿಎಸ್-ಸಿ ಕ್ಯಾಮೆರಾದಲ್ಲಾದರೆ 50 ಎಂಎಂ, ಫುಲ್ ಫ್ರೇಮ್‌ನಲ್ಲಾದರೆ 85 ಎಂಎಂ. 50 ಎಂಎಂ ಎಫ್/1.8 ಲೆನ್ಸ್ ಹೆಚ್ಚಿನ ಕಂಪನಿಗಳಲ್ಲಿ ಅಗ್ಗದ ಲೆನ್ಸುಗಳಲ್ಲೊಂದು. ಅದೂ ಇಲ್ಲವೇ? ಕ್ಯಾಮೆರಾ ಜೊತೆ ಬಂದ 18–55 ಕಿಟ್ ಲೆನ್ಸನ್ನೇ 55ಕ್ಕೆ ತಿರುಗಿಸಿ. ಹಗಲು ಬೆಳಕಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದು ದಿನದ ಸೇವೆಗೆ ಸಾಲ ಮಾಡಿ ಲೆನ್ಸ್ ಕೊಳ್ಳುವುದು ನಮ್ಮ ಪ್ರಕಾರ ದಡ್ಡತನ.

ಹಿನ್ನೆಲೆ ಮಸುಕಾಗಿದ್ದರೇ ‘ಪ್ರೊಫೆಷನಲ್’ ಎಂಬ ನಂಬಿಕೆ ಇನ್ನೊಂದು. ನಾವೂ ಈ ಬಲೆಗೆ ಬಿದ್ದವರೇ. ಒಮ್ಮೆ ಇಡೀ ಬೆಳಿಗ್ಗೆ ಎಫ್/1.8ರಲ್ಲಿ ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ಮೂಗುತಿ ಸ್ಪಷ್ಟ, ಕಣ್ಣು ಮಸುಕು. ಎಪಿಎಸ್-ಸಿಯಲ್ಲಿ 50 ಎಂಎಂ ಲೆನ್ಸಿಗೆ ಒಂದೂವರೆ ಮೀಟರ್ ದೂರದಲ್ಲಿ ಎಫ್/1.8 ಕೊಡುವ ಸ್ಪಷ್ಟತೆಯ ಆಳ ಆರೇಳು ಸೆಂಟಿಮೀಟರ್ ಮಾತ್ರ, ತಲೆ ತುಸು ಅಲುಗಾಡಿದರೂ ಮುಗಿಯಿತು. ಎಫ್/4 ಅಥವಾ 5.6ಕ್ಕೆ ಇಡಿ. ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಿರಲಿ. ಮೊಬೈಲಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ, ಕೆಲವೊಮ್ಮೆ ಮುಡಿದ ಮಲ್ಲಿಗೆಯ ಜೊತೆಗೆ ಕಿವಿಯ ಅಂಚನ್ನೂ ಅಳಿಸಿಬಿಡುತ್ತದೆ. ಅದನ್ನು ಆಫ್ ಮಾಡಿ, ಹಿಂದೆ ಒಂದು ಬಣ್ಣದ ಬೆಡ್‌ಶೀಟ್ ಕಟ್ಟಿ. ಬ್ಯೂಟಿ ಫಿಲ್ಟರ್ ಅಂತೂ ಬೇಡವೇ ಬೇಡ. ಎಪ್ಪತ್ತು ವರ್ಷದ ಸುಕ್ಕನ್ನೂ ಮೈಬಣ್ಣವನ್ನೂ ಒರೆಸಿಹಾಕಿದ ಮೇಲೆ ಮೊಮ್ಮಕ್ಕಳಿಗೆ ಉಳಿಯುವುದು ಯಾರ ಮುಖ?

ಫ್ಲ್ಯಾಶ್‌ನಿಂದ ಕಣ್ಣು ಹೋಗುತ್ತದೆಯೇ?

ಶಿಬಿರಕ್ಕೆ ಬರುವ ಅಜ್ಜಿಯ ಸೊಂಟದಲ್ಲಿ ಮೊಮ್ಮಗುವೂ ಇರುತ್ತದೆ, ಆಗ ಈ ಪ್ರಶ್ನೆ ಬಂದೇ ಬರುತ್ತದೆ. 2015ರಲ್ಲಿ ಚೀನಾದ ಎಳೆಗೂಸೊಂದು ಮೊಬೈಲ್ ಫ್ಲ್ಯಾಶ್‌ನಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿತು ಎಂಬ ಸುದ್ದಿ ಜಗತ್ತೆಲ್ಲ ಹರಿದಾಡಿತ್ತು. ಕ್ಯಾಮೆರಾ ಫ್ಲ್ಯಾಶ್‌ನಿಂದ ಹಾಗಾಗುವುದಿಲ್ಲ ಎಂದು ನೇತ್ರತಜ್ಞರು ಆಗಲೇ ಹೇಳಿದ್ದರು. ಆದರೂ ಸಂದೇಶ ಇನ್ನೂ ಸತ್ತಿಲ್ಲ. ಕಣ್ಣು ಒಂದು ಕ್ಷಣ ಕೋರೈಸಬಹುದು, ಅಷ್ಟೇ.

ಇದಕ್ಕಿಂತ ಹಂಚಿಕೊಳ್ಳಬೇಕಾದ ಸಂಗತಿ ಬೇರೆಯಿದೆ. ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆದರೆ, ಅದರಲ್ಲೂ ಬೇರೆ ಬೇರೆ ಫೋಟೋಗಳಲ್ಲಿ ಹಾಗೇ ಕಂಡರೆ, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಕಣ್ಣು ಓರೆಯಾಗಿದ್ದಾಗ ಆರೋಗ್ಯವಂತ ಮಕ್ಕಳಲ್ಲೂ ಹೀಗೆ ಕಾಣುವುದುಂಟು. ಆದರೆ ಹುಟ್ಟಿನಿಂದ ಬಂದ ಪೊರೆ ಅಥವಾ ರೆಟಿನೊಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್‌ನ ಮೊದಲ ಸುಳಿವೂ ಇದೇ ಆಗಿರಬಹುದು.

ಹಾಗಂತ ಭಾವಚಿತ್ರಕ್ಕೆ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಬಳಸಿ ಎಂದಲ್ಲ. ಮುಖ ಚಪ್ಪಟೆಯಾಗುತ್ತದೆ, ಬೆವರು ಹೊಳೆಯುತ್ತದೆ, ಕನ್ನಡಕದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ನೆರಳಿರುವ ಜಗಲಿ ಅಥವಾ ದೊಡ್ಡ ಕಿಟಕಿಯ ಪಕ್ಕ ಕೂರಿಸಿ. ಕತ್ತಲಾದ ಕೆನ್ನೆಯ ಕಡೆ ಬಿಳಿ ಥರ್ಮಾಕೋಲ್ ಹಾಳೆಯನ್ನೋ ಬಿಳಿ ಪಂಚೆಯನ್ನೋ ಹಿಡಿದುಕೊಂಡು ಒಬ್ಬರು ನಿಲ್ಲಲಿ. ಇಡೀ ಶಿಬಿರದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗದ ಸಾಮಾನು ಅದೇ.

ಕ್ಯಾಮೆರಾಗೆ ಎತ್ತಿಟ್ಟ ದುಡ್ಡಿದ್ದರೆ ಪ್ರಿಂಟಿಗೆ ಹಾಕಿ. ಅಂಚೆ ಕಾರ್ಡಿನಷ್ಟು ಫೋಟೋ ಕೊಡುವ ಚಿಕ್ಕ ಡೈ ಸಬ್ಲಿಮೇಷನ್ ಪ್ರಿಂಟರ್ ಒಂದು ನಿಮಿಷದೊಳಗೆ ಒಂದು ಪ್ರಿಂಟ್ ತೆಗೆಯುತ್ತದೆ. ಬಾಡಿಗೆಗೋ ಎರವಲೋ ಸಿಕ್ಕರೆ ತನ್ನಿ, ಆದರೆ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಹೊರಡಬೇಡಿ. ಸ್ಟುಡಿಯೋಗೆ ಕಳಿಸುವುದಾದರೆ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ.

“ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ” ಎಂದು ಹಿಂಜರಿಯುವ ಹಿರಿಯರು ಈಗಲೂ ಇದ್ದಾರೆ. ವಾದಕ್ಕಿಳಿಯಬೇಡಿ, ಒತ್ತಾಯವೂ ಬೇಡ. “ಹಾರ ಹಾಕೋಕೆ ಒಂದು ಫೋಟೋ ಇರಲಿ ಅಜ್ಜಿ” ಎಂಬ ತಮಾಷೆಯನ್ನಂತೂ ಯಾರ ಬಾಯಲ್ಲೂ ಬರಲು ಬಿಡಬೇಡಿ. ಮೊದಲು ಒಪ್ಪಿದವರದ್ದು ತೆಗೆದು ಪ್ರಿಂಟ್ ಕೈಗೆ ಕೊಡಿ. ಅದನ್ನು ಸೆರಗಿನಲ್ಲಿ ಒರೆಸಿ ನೋಡುತ್ತಿರುವುದನ್ನು ಕಂಡು ಉಳಿದವರು ತಾವಾಗಿಯೇ ಬಂದು ಕೂರುತ್ತಾರೆ. ಪಿಂಚಣಿ ಅರ್ಜಿಗೆಂದು ಪಾಸ್‌ಪೋರ್ಟ್ ಸೈಜ್ ಕೇಳುವವರೂ ಇರುತ್ತಾರೆ. ಅವರಿಗಾಗಿ ಬಿಳಿ ಬಟ್ಟೆಯೊಂದು ಚೀಲದಲ್ಲಿರಲಿ, 3.5×4.5 ಸೆಂಟಿಮೀಟರ್ ಅಳತೆಗೆ ಕತ್ತರಿಸಲು ಕತ್ತರಿಯೂ ಇರಲಿ. ಯಾರ ಚಿತ್ರವನ್ನೂ ಅವರನ್ನು ಕೇಳದೆ ಫೇಸ್‌ಬುಕ್‌ಗೆ ಹಾಕಬೇಡಿ.