ಭಗತ್ ಸಿಂಗನ ನಾಸ್ತಿಕತೆ ಮತ್ತು ಜನಪ್ರಿಯ ಸ್ಮೃತಿ

ಭಗತ್ ಸಿಂಗನು 1930ರ ಅಕ್ಟೋಬರ್‌ನಲ್ಲಿ ಲಾಹೋರಿನ ಸೆರೆಮನೆಯಲ್ಲಿ ಬರೆದ ‘ನಾನೇಕೆ ನಾಸ್ತಿಕ’ ಎಂಬ ಪ್ರಬಂಧವು, ತನ್ನ ನಿರೀಶ್ವರವಾದಕ್ಕೆ ಅಹಂಕಾರವೇ ಕಾರಣವೆಂದು ಭಾವಿಸಿದ ಗೆಳೆಯರಿಗೆ ಆತನಿತ್ತ ಉತ್ತರವಾಗಿದೆ. ಬಾಲ್ಯದಲ್ಲಿ ಗಾಯತ್ರೀ ಮಂತ್ರವನ್ನು ಜಪಿಸುತ್ತಿದ್ದ ಆತನು ಓದು ಹಾಗೂ ಚಿಂತನೆಯ ಫಲವಾಗಿ 1926ರ ಕೊನೆಯ ವೇಳೆಗೆ ನಾಸ್ತಿಕನಾಗಿದ್ದನು. 1927ರಲ್ಲಿ ಬಂಧನದಲ್ಲಿದ್ದಾಗ ಪ್ರಾರ್ಥಿಸುವಂತೆ ಪೊಲೀಸರು ಒತ್ತಾಯಿಸಿದರೂ ಆತನು ಪ್ರಾರ್ಥಿಸಲಿಲ್ಲ. ನಂಬಿಕೆಯು ಕಷ್ಟವನ್ನು ಹಗುರಗೊಳಿಸುತ್ತದೆಂಬುದನ್ನು ಆತನು ಅಲ್ಲಗಳೆಯುವುದಿಲ್ಲ. ಕುಣಿಕೆ ಬಿಗಿಯುವ ಗಳಿಗೆಯೇ ತನಗೆ ಕೊನೆಯೆಂದು ತಿಳಿದೂ ಆ ಆಸರೆಯನ್ನು ನಿರಾಕರಿಸುತ್ತಾನೆ.

1931ರ ಮಾರ್ಚ್ 23ರಂದು ಆತನನ್ನು ಗಲ್ಲಿಗೇರಿಸಲಾಯಿತು. ಪ್ರಬಂಧವು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಾಹೋರಿನ ‘ದಿ ಪೀಪಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಜನರ ನಡುವೆ ಹರಡಿದ್ದು ಬೇರೊಂದು ರೂಪ. ರೂಪ್ ಕಿಶೋರ್ ಕಪೂರ್ ರಚಿಸಿದ ಮುದ್ರಿತ ಚಿತ್ರದಲ್ಲಿ ಆತನು ತನ್ನ ಶಿರಸ್ಸನ್ನೇ ಭಾರತಮಾತೆಗೆ ಅರ್ಪಿಸುತ್ತಾನೆ. ದೈವಕ್ಕೆ ತಲೆಯನ್ನೊಪ್ಪಿಸುವ ಈ ಆಶಯ ಪ್ರಾಚೀನವಾದುದು. ಕನ್ನಡ ನಾಡಿನ ಸಿಡಿತಲೆಗಲ್ಲುಗಳಲ್ಲಿಯೂ ಇದನ್ನು ಕಾಣಬಹುದು.

ತ್ಯಾಗವನ್ನು ಭಕ್ತಿಯ ಪರಿಭಾಷೆಯಲ್ಲಿ ಅರಿತಿದ್ದ ಜನಸಮುದಾಯವು ತಾನು ಬಲ್ಲ ಅತ್ಯುನ್ನತ ಗೌರವವನ್ನೇ ಆತನಿಗೆ ಸಲ್ಲಿಸಿತು. ಆದರೆ ಆ ಚಿತ್ರದ ಪಕ್ಕದಲ್ಲಿ ಈ ಪ್ರಬಂಧವನ್ನೂ ಇರಿಸಿ ಓದದಿದ್ದರೆ, ಸ್ವರ್ಗವನ್ನಾಗಲಿ ಮರುಜನ್ಮವನ್ನಾಗಲಿ ಬಯಸದೆ ಸಾವನ್ನೊಪ್ಪಿದ ಆತನ ನಿಲುವು ಚರಿತ್ರೆಯಿಂದಲೇ ಮರೆಯಾಗುತ್ತದೆ.