ತುಂಗಭದ್ರೆಗೆ ಬರೆದ ಯೋಜನಾಪತ್ರಗಳು

ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡ ತುಂಗಭದ್ರೆಯ ದಂಡೆಯ ಊರು. ವಿಜಯನಗರದ ಕಾಲದಲ್ಲಿ ಈ ಹೊಳೆಗೆ ಅಲ್ಲಲ್ಲಿ ಕಲ್ಲಿನ ಅಣೆಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆದರು. ಹೊಸಪೇಟೆ ಭಾಗದ ರಾಯ ಮತ್ತು ಬಸವಣ್ಣ ಕಾಲುವೆಗಳು, ಕಂಪ್ಲಿ ಕಾಲುವೆ, ಇತ್ತ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಆ ಸಾಲಿನವು. ಕಾಲುವೆಯ ಮಗ್ಗುಲಲ್ಲಿ ಹಸಿರು ಗದ್ದೆ. ಅದನ್ನು ದಾಟಿದರೆ ಮಳೆಯನ್ನೇ ನಂಬಿದ ಎರೆಭೂಮಿ. ಬಳ್ಳಾರಿ ಸೀಮೆಯ ಚಿತ್ರ ಶತಮಾನಗಳ ಕಾಲ ಹೀಗೆಯೇ ಇತ್ತು. ಆ ಎರೆಭೂಮಿಗೂ ಹೊಳೆಯ ನೀರು ತರಬಹುದು ಎಂದು ಬರೆದುಕೊಟ್ಟ ಯೋಜನೆಗೂ ನೀರು ನಿಜವಾಗಿ ಹರಿದ ದಿನಕ್ಕೂ ನಡುವೆ ತೊಂಬತ್ತು ವರ್ಷಗಳಿಗೂ ಹೆಚ್ಚಿನ ಅಂತರವಿದೆ.

ಯೋಜನಾಪತ್ರ ಎಂಬುದು ಇಂದು ಎಲ್ಲರಿಗೂ ಪರಿಚಿತ ಸಂಗತಿ. ಸೇತುವೆಯಾಗಲಿ, ಒಳಚರಂಡಿಯಾಗಲಿ, ಕಾರ್ಖಾನೆಯಾಗಲಿ, ತಜ್ಞನೊಬ್ಬ ಅಥವಾ ತಜ್ಞರ ಸಂಸ್ಥೆಯೊಂದು ಹಣ ಹಾಕುವವರ ಮುಂದೆ ಒಂದು ಬರಹ ಇಡುತ್ತದೆ. ಕೊರತೆ ಏನು, ಅದನ್ನು ನೀಗುವ ದಾರಿ ಯಾವುದು, ಎಷ್ಟು ಹಣ, ಎಷ್ಟು ಕಾಲ, ಏನು ಫಲ ಎಂಬುದು ಅದರಲ್ಲಿರುತ್ತದೆ. ಬರಹ ಒಪ್ಪಿಗೆಯಾದರೆ ಕೆಲಸ ಬರೆದವರಿಗೆ ದಕ್ಕುತ್ತದೆ. ಆದರೆ ಅಷ್ಟೇ ಮುಖ್ಯವಾದ ಎರಡು ಪ್ರಶ್ನೆಗಳು ಅನೇಕ ವೇಳೆ ಹಾಳೆಯ ಮೇಲೆ ಕಾಣುವುದೇ ಇಲ್ಲ. ಲೆಕ್ಕ ತಪ್ಪಿದರೆ ನಷ್ಟ ಯಾರ ತಲೆಗೆ? ಫಲವನ್ನು ಉಣ್ಣಬೇಕಾದವರನ್ನು ಕೇಳಿದವರು ಯಾರು?

ಇಂಥ ಪರೀಕ್ಷೆಯ ಅರಿವು ನಮ್ಮ ಹಿಂದಿನವರಿಗೆ ಇರಲಿಲ್ಲವೆಂದಲ್ಲ. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಭಾಗದ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನ ಇದಕ್ಕೆ ಸಾಕ್ಷಿ. ಸಾವಿರ ಆಳು, ನೂರು ಬಂಡಿ ಎರಡು ವರ್ಷ ದುಡಿದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಶಾಸನ ಎಣಿಸುತ್ತದೆ. ಧರ್ಮ ಬಲ್ಲ ರಾಜನ ಜೊತೆಗೇ ಜಲಶಾಸ್ತ್ರ ಬಲ್ಲ ವಿದ್ವಾಂಸನಿಗೂ ಅಂಗಗಳಲ್ಲಿ ಸ್ಥಾನವಿದೆ. ಎಂದರೆ ತಜ್ಞನ ಸಲಹೆ ಅಲಂಕಾರವಲ್ಲ, ಕಟ್ಟಡದ ಒಂದು ಭಾಗ. ದೋಷಗಳ ಪೈಕಿ ಕಟ್ಟೆಯಿಂದ ನೀರು ಸೋರುವುದು, ಚೌಳು ನೆಲ ಇವೆಲ್ಲ ನಿರೀಕ್ಷಿತವೇ. ಗಮನ ಸೆಳೆಯುವುದು ಇನ್ನೊಂದು ದೋಷ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಈ ಮಾತಿನ ತೂಕ ತುಂಗಭದ್ರೆಯ ದಂಡೆಯಲ್ಲಿ ತಿಳಿದದ್ದು ಐದು ಶತಮಾನಗಳ ನಂತರ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಂದಿನಿಂದ ಹೊಳೆಯ ಈ ದಂಡೆ ಮದ್ರಾಸ್ ಆಡಳಿತಕ್ಕೆ, ಆ ದಂಡೆ ನಿಜಾಮನಿಗೆ ಸೇರಿತು. ಅರುವತ್ತು ವರ್ಷಗಳ ಬಳಿಕ, 1860ರಲ್ಲಿ, ಸರ್ ಆರ್ಥರ್ ಕಾಟನ್ ತುಂಗಭದ್ರೆಯ ನೀರನ್ನು ಜಲಾಶಯದಲ್ಲಿ ಹಿಡಿದು ಬಳ್ಳಾರಿಯ ಒಣಭೂಮಿಗೆ ಹರಿಸುವ ಯೋಜನೆ ಮುಂದಿಟ್ಟರು. 1852ರಲ್ಲಿ ಮುಗಿದ ಗೋದಾವರಿ ಅಣೆಕಟ್ಟಿನಿಂದ ಹೆಸರಾದ ಎಂಜಿನಿಯರ್ ಅವರು. ರೈಲಿಗಿಂತ ಕಾಲುವೆಯೇ ಈ ದೇಶಕ್ಕೆ ಲೇಸು, ಅದೇ ನೀರಿನಲ್ಲಿ ಹೊಲವನ್ನೂ ನೆನೆಸಬಹುದು, ಸರಕಿನ ದೋಣಿಯನ್ನೂ ನಡೆಸಬಹುದು ಎಂಬುದು ಅವರ ದೃಢ ನಂಬಿಕೆ.

ಈ ನಂಬಿಕೆಯ ಬೆನ್ನಿಗೆ ಲಂಡನ್ನಿನ ಬಂಡವಾಳಗಾರರ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ನಿಂತಿತು. ಸರಕಾರ ಅದಕ್ಕೆ ಕೊಟ್ಟ ಷರತ್ತು ಗಮನಾರ್ಹ. ಕಂಪನಿ ಹೂಡುವ ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5ರ ಬಡ್ಡಿ ಖಾತರಿ. ಕಾಲುವೆಯಿಂದ ಆದಾಯ ಬಂದರೂ ಬಾರದಿದ್ದರೂ ಪಾಲುದಾರರಿಗೆ ಬಡ್ಡಿ ತಪ್ಪುವುದಿಲ್ಲ. ಅದನ್ನು ತುಂಬುವುದು ಖಜಾನೆ. ಖಜಾನೆಗೆ ಹಣ ಬರುವುದು ರೈತರ ಕಂದಾಯದಿಂದ. ಯೋಜನೆ ಹೇಳುವವರೂ ಕೆಲಸ ಮಾಡುವವರೂ ಲಾಭ ಎಣಿಸುವವರೂ ಒಂದೇ ಕಡೆ; ನಷ್ಟ ತುಂಬುವವರು ಮಾತ್ರ ಇನ್ನೊಂದು ಕಡೆ.

ಕೊನೆಗೆ ಕಂಪನಿ ಕೈಗೆತ್ತಿಕೊಂಡದ್ದು ಬಳ್ಳಾರಿಯ ಜಲಾಶಯವನ್ನಲ್ಲ. ಹೊಳೆಯ ಕೆಳಭಾಗದಲ್ಲಿ, ಕರ್ನೂಲಿನ ಬಳಿಯ ಸುಂಕೇಸುಲದಿಂದ ಕಡಪದವರೆಗಿನ ಕಾಲುವೆಯನ್ನು. ಅದೂ ಮುಗಿಯುವ ಮುನ್ನವೇ ಹತ್ತು ಲಕ್ಷ ಪೌಂಡ್ ಕರಗಿಹೋಯಿತು. ಸರಕಾರ ಮತ್ತೆ ಸಾಲ ಕೊಡಬೇಕಾಯಿತು. 1870ರ ಸುಮಾರಿಗೆ ನೀರೇನೋ ಹರಿಯಿತು, ಆದರೆ ಕೊಳ್ಳುವವರು ನಿರೀಕ್ಷೆಯಷ್ಟು ಬರಲಿಲ್ಲ. ಎರೆಮಣ್ಣು ತೇವವನ್ನು ಹಿಡಿದಿಡುವ ಮಣ್ಣು. ಸಾಧಾರಣ ಮಳೆಯಾದರೂ ಜೋಳ, ಹತ್ತಿ ಕೈಗೆ ಹತ್ತುತ್ತವೆ. ಹಾಗಿರುವಾಗ ಪ್ರತಿ ವರ್ಷ ನೀರಿನ ತೆರಿಗೆ ಯಾಕೆ ಕಟ್ಟಬೇಕು ಎಂಬುದು ರೈತನ ಲೆಕ್ಕ. ಗೋದಾವರಿ ಮುಖಜಭೂಮಿಯ ಭತ್ತದ ರೈತನನ್ನು ಕಂಡು ಮಾಡಿದ ಅಂದಾಜು ಎರೆನೆಲದ ರೈತನಿಗೆ ಹೊಂದಲಿಲ್ಲ.

ಆದರೆ ರೈತನ ಲೆಕ್ಕಕ್ಕೂ ಒಂದು ಮಿತಿಯಿತ್ತು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಅದೇ ಕಾಲುವೆಯ ನೀರಿಗೆ ರೈತರು ಮುಗಿಬಿದ್ದರು. ಕಾಲುವೆಯಿಲ್ಲದ ಬಳ್ಳಾರಿಗೆ ಆ ಆಸರೆಯೂ ಇರಲಿಲ್ಲ. 1871ರ ಜನಗಣತಿಯಲ್ಲಿ ಕಂಡಿದ್ದ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದರಷ್ಟು 1881ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕಡಿಮೆಯಾಗಿತ್ತು. 1882ರಲ್ಲಿ ಸರಕಾರ ಕಂಪನಿಯಿಂದ ಕಾಲುವೆಯನ್ನು ಕೊಂಡುಕೊಂಡಿತು. ಹಣಕಾಸಿನಲ್ಲಿ ಸೋತ ಒಂದು ಯೋಜನೆ, ನೀರಾವರಿಯೇ ದಂಡದ ಬಾಬತ್ತು ಎನ್ನುವವರ ಕೈಗೆ ಆಯುಧವಾಯಿತು. ಕಾಟನ್ ಕಂಡ ಕೊರತೆ ಸುಳ್ಳಲ್ಲ, ಹೊಳೆಯೂ ಸುಳ್ಳಲ್ಲ. ಸುಳ್ಳಾದದ್ದು ಆದಾಯದ ಅಂದಾಜು. ಅದನ್ನು ಒರೆಗೆ ಹಚ್ಚುವ ಅವಸರ, ಬಡ್ಡಿಯ ಖಾತರಿ ಪಡೆದವರಿಗೆ ಇರಲಿಲ್ಲ.

ಸಲಹೆಯನ್ನು ಗುತ್ತಿಗೆಯಿಂದ ಬೇರೆಯಾಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊಳೆಯಾಚೆಯ ಹೈದರಾಬಾದಿನಲ್ಲೇ ಉದಾಹರಣೆ ಸಿಗುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ನಗರವನ್ನು ನುಗ್ಗುಮಾಡಿತು. ಸತ್ತವರು ಸುಮಾರು 15,000 ಎಂಬ ಅಂದಾಜಿದೆ. ಮುಂಬಯಿ ಸರಕಾರದ ಸೇವೆಯಿಂದ ಬಿಡುಗಡೆ ಹೊಂದಿ ವಿದೇಶ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರಕಾರದಿಂದ ಕರೆ ಹೋಯಿತು. ಒಪ್ಪಿಸಿದ ಕೆಲಸ ಸ್ಪಷ್ಟವಾಗಿತ್ತು. ನಗರದ ಪುನರ್ನಿರ್ಮಾಣಕ್ಕೆ ಸಲಹೆ, ಪ್ರವಾಹ ತಡೆಗೆ ಯೋಜನೆ, ಒಳಚರಂಡಿಗೆ ಯೋಜನೆ, ಈ ಮೂರು.

1909ರ ಏಪ್ರಿಲಿನಲ್ಲಿ ಬಂದ ಅವರು ನದಿಯ ಮೇಲ್ಭಾಗದ ಮಳೆ, ಹಳ್ಳ, ಒಡೆದ ಕೆರೆಗಳನ್ನು ಅಳೆದು ನೋಡಿದರು. ಅದೇ ವರ್ಷ ಅಕ್ಟೋಬರ್ 1ರಂದು ವರದಿ ಕೊಟ್ಟರು. ನಗರದ ಮೇಲೆ ಮೂಸಿಗೆ ಒಂದು, ಈಸಿಗೆ ಒಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ಹಿಡಿಯಬೇಕೆಂಬುದು ಅದರ ಸಾರ. ಮುಂದೆ ಕಟ್ಟಿದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಸಲಹೆಗಾರರಿಗೆ ಸಲ್ಲಬೇಕಾದದ್ದು ಸಲಹೆಯ ಸಂಭಾವನೆ. ಅಣೆಕಟ್ಟಿನ ಕಲ್ಲು ಗಾರೆಯ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಹೀಗಾಗಿ ಹೆಚ್ಚು ಕಟ್ಟಿಸಬೇಕೆಂಬ ಆಸೆಯಾಗಲಿ, ಕಡಿಮೆ ಖರ್ಚು ತೋರಿಸಿ ಕೆಲಸ ಹಿಡಿಯುವ ಆತುರವಾಗಲಿ ವರದಿಯ ಹಿಂದೆ ಇರಲು ಕಾರಣವಿರಲಿಲ್ಲ.

ಇತ್ತ ತುಂಗಭದ್ರೆಯ ಯೋಜನೆ ಕಡತದಿಂದ ಕಡತಕ್ಕೆ ಸಾಗುತ್ತಲೇ ಇತ್ತು. ತಾಂತ್ರಿಕ ವಿವರ ಪಕ್ಕಾ ಆದಷ್ಟೂ ಗಡಿಯ ಪ್ರಶ್ನೆ ಎದುರಾಗುತ್ತಿತ್ತು. ಹೊಳೆಗೆ ಅಡ್ಡ ಕಟ್ಟಬೇಕಾದರೆ ಎರಡೂ ದಂಡೆಯವರು ಒಪ್ಪಬೇಕು. 1944ರ ಜೂನ್‌ನಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು ತಲಾ 65 ಟಿ.ಎಂ.ಸಿ. ನೀರು ಬಳಸುವ ಒಪ್ಪಂದಕ್ಕೆ ಬಂದವು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಯಿತು. ಅಣೆಕಟ್ಟಿನ ವಿನ್ಯಾಸದಲ್ಲಿ ಎರಡು ಕಡೆಯ ಎಂಜಿನಿಯರರಿಗೆ ಭಿನ್ನಾಭಿಪ್ರಾಯ ಬಂದಾಗ ವಿಷಯವನ್ನು ಒಪ್ಪಿಸಿದ್ದು ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ತಜ್ಞರ ಮಂಡಳಿಗೆ. ಮದ್ರಾಸಿನ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಕಲ್ಲು ಮತ್ತು ಸುರ್ಕಿ ಗಾರೆಯ ಈ ಕಟ್ಟಡದೊಂದಿಗೆ ಹೆಸರು ಉಳಿಸಿಕೊಂಡರು. 1953ರ ಜುಲೈ 1ರಂದು ಕಾಲುವೆಗೆ ನೀರು ಬಿಡಲಾಯಿತು. ಅದೇ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಬಲದಂಡೆಯ ಕೆಳಮಟ್ಟದ ಕಾಲುವೆ ಇಂದು ಸಿರುಗುಪ್ಪ ಸೀಮೆಯ ಎರೆಭೂಮಿಯಲ್ಲಿ ಹಾದುಹೋಗುತ್ತದೆ. ಮಳೆ ನೋಡಿ ಜೋಳ ಬಿತ್ತುತ್ತಿದ್ದ ನೆಲ ಭತ್ತಕ್ಕೆ ಹೆಸರಾಗಿದೆ. ಹಾಗೆ ನೋಡಿದರೆ ಕಾಟನ್ ಹೇಳಿದ್ದು ಕೊನೆಗೂ ನಿಜವಾಯಿತು. ಆದರೆ ಅದನ್ನು ನಿಜ ಮಾಡಿದ್ದು ಯೋಜನಾಪತ್ರದ ಭರವಸೆಯಲ್ಲ. ಹೊಳೆ ಯಾರದು, ನೀರು ಯಾರಿಗೆಷ್ಟು, ತಕರಾರು ಬಂದರೆ ತೀರ್ಪು ಯಾರದು ಎಂಬುದನ್ನು ಎರಡು ದಂಡೆಯವರು ಕೂತು ಬಗೆಹರಿಸಿಕೊಂಡದ್ದು. ಪೋರುಮಾಮಿಳ್ಳದ ಕಲ್ಲು 1369ರಲ್ಲೇ ಆ ದೋಷವನ್ನು ಹೆಸರಿಟ್ಟು ಕರೆದಿತ್ತು. ಅದನ್ನು ನೀಗಿಸುವಷ್ಟರಲ್ಲಿ ಬಳ್ಳಾರಿಯ ಜನ ಬರದ ಮೇಲೆ ಬರ ಕಂಡಿದ್ದರು. ಯೋಜನೆಯ ಹಾಳೆಯಲ್ಲಿ ಬರೆಯದೆ ಬಿಟ್ಟ ನಷ್ಟವನ್ನು ತುಂಬಿದವರು ಅವರೇ.