ಕೋಶದ ಹೊರಬಾಗಿಲಿನ ಆಜ್ಞೆ

ಕ್ರಿ.ಶ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಎಂಬ ಇಬ್ಬರು ವಿದ್ವಾಂಸರು ಇಂಟರ್‌ಫೆರಾನ್ ಎಂಬ ವಸ್ತುವನ್ನು ಕಂಡುಹಿಡಿದರು. ವೈರಾಣು ಹೊಕ್ಕ ಜೀವಕೋಶವು ಇದನ್ನು ಹೊರಸೂಸಿ ನೆರೆಯ ಕೋಶಗಳನ್ನು ಎಚ್ಚರಿಸುವುದು. ಆದರೆ ಕೋಶದ ಹೊರಮೈಯನ್ನಷ್ಟೇ ಮುಟ್ಟುವ ಈ ವಸ್ತುವು ಒಳಗಣ ಜೀನುಗಳನ್ನು ಎಬ್ಬಿಸುವ ಬಗೆಯೆಂತು? ಉತ್ತರಕ್ಕೆ ಮೂರು ದಶಕಗಳಿಗೂ ಮೀರಿದ ಕಾಲ ಹಿಡಿಯಿತು.

ನ್ಯೂಯಾರ್ಕಿನಲ್ಲಿ ಡಾರ್ನೆಲ್ಲರು ಆ ಜೀನುಗಳ ಬಳಿ ಬಂದು ಸೇರುವ ಪ್ರೋಟೀನುಗಳನ್ನು ಅರಸಿದರು, ಇವೇ ಸ್ಟ್ಯಾಟ್‌ಗಳು. ಲಂಡನ್ನಿನಲ್ಲಿ ಸ್ಟಾರ್ಕ್, ಕರ್ ಎಂಬುವರು ಇಂಟರ್‌ಫೆರಾನಿನ ಕರೆಗೆ ಓಗೊಡದ ಮಾನವಕೋಶಗಳನ್ನು ಬೆಳೆಸಿದರು. ಅಂತಹ ಒಂದು ಬಗೆಯ ಕೋಶದಲ್ಲಿ ಲೋಪವಾಗಿದ್ದುದು ಟಿಕ್-2 ಎಂಬ ಕೈನೇಸೆಂದು 1992ರಲ್ಲಿ ತಿಳಿದುಬಂದಿತು. ಹೊರಪೊರೆಯ ಗ್ರಾಹಕವನ್ನು ಆಶ್ರಯಿಸಿರುವ ಕೈನೇಸು ಸ್ಟ್ಯಾಟಿಗೆ ಫಾಸ್ಫೇಟಿನ ತುಣುಕೊಂದನ್ನು ಅಂಟಿಸುವುದು. ಹಾಗೆ ಮುದ್ರೆಗೊಂಡ ಸ್ಟ್ಯಾಟ್‌ಗಳು ಜೋಡಿಗೂಡಿ ಕೋಶಕೇಂದ್ರವನ್ನು ಹೊಕ್ಕು ಜೀನಿನ ಪ್ರತಿಲೇಖನವನ್ನು ಆರಂಭಿಸುವುವು.

ಇದೇ ಕುಲದ ಜಾಕ್-2 ಕೈನೇಸಿನಲ್ಲಿ ಒಂದೇ ಒಂದು ಅಮೈನೋ ಆಮ್ಲವು ಬದಲಾದರೆ, ಕರೆಯಿಲ್ಲದೆಯೂ ಆಜ್ಞೆ ಹೊರಡುತ್ತ ರಕ್ತಕಣಗಳು ಮಿತಿಮೀರುವುವೆಂದು 2005ರಲ್ಲಿ ಗೊತ್ತಾಯಿತು. ಅದನ್ನು ತಡೆಯುವ ರುಕ್ಸೊಲಿಟಿನಿಬ್ ಎಂಬ ಔಷಧಕ್ಕೆ, ಅಸ್ಥಿಮಜ್ಜೆಯು ನಾರುಗಟ್ಟುವ ರೋಗದಲ್ಲಿ ಬಳಸಲು, 2011ರಲ್ಲಿ ಅಮೇರಿಕದಲ್ಲಿ ಅನುಮತಿ ದೊರೆಯಿತು. ಅದು ರೋಗವನ್ನು ಬೇರುಸಹಿತ ಕೀಳದು. ಆದರೂ ಊದಿದ ಪ್ಲೀಹವನ್ನು ಕುಗ್ಗಿಸಿ ರೋಗಿಯ ಬಾಧೆಯನ್ನು ತಗ್ಗಿಸುವುದು.